ಹಗ್ಗವೋ, ಹಾವೋ? ನಂಬಿದ ಜಾಲತಾಣಗಳಲ್ಲಿ ಮೊಳಗಿದ ಎಚ್ಚರಿಕೆಗಳ ಇತಿಹಾಸ

ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮೆಲ್ಲರ ದಿನಚರಿ ಇಂದು ಜಾಲತಾಣಗಳ ಮೇಲೆ ನಿಂತಿದೆ. ಬೆಳಗಿನ ಕನ್ನಡ ಪತ್ರಿಕೆ, ಊರಿನ ಬ್ಯಾಂಕಿನ ಖಾತೆ, ಓಸಿಐ ಅರ್ಜಿ, ಮಕ್ಕಳ ಶಾಲೆಯ ಪ್ರಕಟಣೆ, ವೈದ್ಯರ ಭೇಟಿಯ ಸಮಯ, ಯುಗಾದಿ ಕಾರ್ಯಕ್ರಮದ ಟಿಕೆಟ್ಟು, ಎಲ್ಲವೂ ಅಲ್ಲಿಯೇ ದೊರೆಯುತ್ತವೆ. ವರ್ಷಗಟ್ಟಲೆ ಬಳಸಿ ನಂಬಿಕೆ ಬೆಳೆದಿರುವ ಇಂತಹ ತಾಣವೊಂದನ್ನು ತೆರೆದೊಡನೆ ಪರದೆ ಕೆಂಪಾಗಿ, ಇಲ್ಲಿ ಅಪಾಯವಿದೆ ಎಂಬ ಸೂಚನೆ ಮೂಡಿದರೆ ಏನು ಮಾಡಬೇಕು?

ಸಾಮಾನ್ಯವಾಗಿ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಕಾಣುತ್ತೇವೆ. ಕೆಲವರು, ಇದು ದೊಡ್ಡ ಸಂಸ್ಥೆಯ ತಾಣ, ಇದರಲ್ಲಿ ಅಪಾಯವೆಲ್ಲಿಂದ ಬರಬೇಕು, ಆಂಟಿವೈರಸ್‌ಗೇ ಭ್ರಮೆ ಎಂದುಕೊಂಡು ಸೂಚನೆಯನ್ನು ಬದಿಗೊತ್ತಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಪರದೆ ಹೇಳಿದ್ದನ್ನೆಲ್ಲ ಮಾಡಿಬಿಡುತ್ತಾರೆ. ಒತ್ತು ಎಂದಲ್ಲಿ ಒತ್ತುತ್ತಾರೆ, ಕರೆ ಮಾಡು ಎಂದ ಸಂಖ್ಯೆಗೆ ಕರೆ ಮಾಡುತ್ತಾರೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಹು ಪ್ರಿಯವಾದುದು. ಆದರೆ ಹಾವನ್ನೇ ಹಗ್ಗವೆಂದು ತಿಳಿದು ಕೈಯಿಟ್ಟವರೂ ಇದ್ದಾರೆ. ಗಣಕಯಂತ್ರಗಳ ಇತಿಹಾಸ ಈ ಎರಡೂ ಬಗೆಯ ಪ್ರಸಂಗಗಳಿಂದ ತುಂಬಿದೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಕ್ರಮವಾಗಿ ನೋಡೋಣ. ತಾಣದ ಹೆಸರಿಗಿರುವ ಮರ್ಯಾದೆ ಒಂದು. ಆ ತಾಣ ಈ ಗಳಿಗೆಯಲ್ಲಿ ನಮ್ಮ ಕೈಗೆ ಕೊಡುತ್ತಿರುವ ವಸ್ತುವಿನ ಶುದ್ಧಿ ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದಾಗಲೆಲ್ಲ ಹಾನಿಯಾಗಿದೆ ಎಂಬುದೇ ಈ ಇತಿಹಾಸದ ತಿರುಳು.

ಫ್ಲಾಪಿಯ ಕಾಲದ ಬುದ್ಧಿವಾದ

ತನ್ನಷ್ಟಕ್ಕೆ ತಾನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗುವ ಪ್ರೋಗ್ರಾಮು ಮೊದಲು ಕಾಣಿಸಿಕೊಂಡದ್ದು ಒಂದು ಪ್ರಯೋಗವಾಗಿ. 1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯ ಬಾಬ್ ಥಾಮಸ್ ಅವರು ರಚಿಸಿದ ‘ಕ್ರೀಪರ್’ ಎಂಬ ಪ್ರೋಗ್ರಾಮು ಅರ್ಪಾನೆಟ್ ಜಾಲದ ಯಂತ್ರಗಳ ನಡುವೆ ತೆವಳುತ್ತ, ಸಾಧ್ಯವಾದರೆ ನನ್ನನ್ನು ಹಿಡಿಯಿರಿ ಎಂಬರ್ಥದ ಸಂದೇಶವನ್ನು ಮೂಡಿಸುತ್ತಿತ್ತು. ಅದನ್ನು ಹುಡುಕಿ ಅಳಿಸಲು ‘ರೀಪರ್’ ಎಂಬ ಇನ್ನೊಂದು ಪ್ರೋಗ್ರಾಮು ಬಂದಿತು. ಅದನ್ನು ಬರೆದವರು ಇಮೇಲಿಗೆ ಅಡ್ಡಿಟ್ಟ ಚಿಹ್ನೆಯನ್ನು ಬಳಕೆಗೆ ತಂದ ರೇ ಟಾಮ್ಲಿನ್‌ಸನ್. ಹೀಗೆ ರೋಗವೂ ಮದ್ದೂ ಬೆನ್ನುಬೆನ್ನಿಗೆ ಹುಟ್ಟಿದವು.

1984ರಲ್ಲಿ ಎರಡು ಮಹತ್ವದ ಚಿಂತನೆಗಳು ಬೆಳಕು ಕಂಡವು. ಕ್ಯಾಲಿಫೋರ್ನಿಯಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫ್ರೆಡ್ ಕೋಹೆನ್ ಅವರು ‘ವೈರಸ್’ ಎಂಬ ಪದಕ್ಕೆ ಗಣಕಶಾಸ್ತ್ರದಲ್ಲಿ ಖಚಿತವಾದ ಅರ್ಥ ಕೊಟ್ಟದ್ದಲ್ಲದೆ, ಎಲ್ಲ ವೈರಸ್‌ಗಳನ್ನೂ ಒಮ್ಮೆಯೂ ತಪ್ಪದೆ ಗುರುತಿಸಬಲ್ಲ ಪ್ರೋಗ್ರಾಮನ್ನು ರಚಿಸುವುದು ಅಸಾಧ್ಯವೆಂದು ತರ್ಕಬದ್ಧವಾಗಿ ತೋರಿಸಿದರು. ಅಂದರೆ ಆಂಟಿವೈರಸ್ ಎಷ್ಟೇ ಬೆಳೆದರೂ ಅದು ಕೆಲವೊಮ್ಮೆ ಹಗ್ಗವನ್ನು ಹಾವೆನ್ನುತ್ತದೆ, ಕೆಲವೊಮ್ಮೆ ಹಾವನ್ನು ಕಾಣದೆ ಸುಮ್ಮನಿರುತ್ತದೆ. ಇದು ಅದರ ಹುಟ್ಟುಗುಣ. ಅದೇ ವರ್ಷ ಯುನಿಕ್ಸ್ ವ್ಯವಸ್ಥೆಯ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸ ಪ್ರಕಟವಾಯಿತು. ಪ್ರೋಗ್ರಾಮುಗಳನ್ನು ಸಿದ್ಧಗೊಳಿಸುವ ಕಂಪೈಲರಿನಲ್ಲಿಯೇ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರೆ, ಮೂಲ ಸಂಕೇತವನ್ನು ಸಾಲುಸಾಲಾಗಿ ಓದಿದವರಿಗೂ ಅದು ಕಾಣುವುದಿಲ್ಲವೆಂದು ಅವರು ತೋರಿಸಿಕೊಟ್ಟರು. ನಂಬಿಕೆಯೆಂಬುದು ಕೊನೆಗೆ ನಿಲ್ಲುವುದು ಅದನ್ನು ಬರೆದ ಮನುಷ್ಯರ ಮೇಲೆ ಎಂಬುದು ಅವರ ಮಾತಿನ ಸಾರ.

ಜನಸಾಮಾನ್ಯರ ಪಿಸಿಗಳಿಗೆ ವೈರಸ್ ತಲುಪಿದ್ದು ಫ್ಲಾಪಿ ತಟ್ಟೆಗಳ ಮೂಲಕ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೈನ್’ ವೈರಸ್ಸಿನೊಳಗೆ ಅವರ ಹೆಸರು, ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಇದ್ದವು! ಕದ್ದವರೇ ವಿಳಾಸ ಬರೆದಿಟ್ಟು ಹೋದ ಆ ಕಾಲ ಇಂದು ಮುಗ್ಧವಾಗಿ ಕಾಣುತ್ತದೆ. ಆಗ ಎಲ್ಲರಿಗೂ ದೊರೆಯುತ್ತಿದ್ದ ಬುದ್ಧಿವಾದ ಸರಳವಾಗಿತ್ತು: ಅಪರಿಚಿತರ ಫ್ಲಾಪಿಯನ್ನು ಯಂತ್ರಕ್ಕೆ ಹಾಕಬೇಡಿ. ಅಂತರಜಾಲ ಮನೆಮನೆಗೆ ಬಂದಾಗ ಅದೇ ಮಾತು ಸ್ವಲ್ಪ ರೂಪ ಬದಲಿಸಿ ಮುಂದುವರಿಯಿತು: ಅಪರಿಚಿತ ತಾಣಗಳಿಗೆ ಹೋಗಬೇಡಿ, ಪರಿಚಿತ ತಾಣಗಳಲ್ಲಿ ಭಯವಿಲ್ಲ. ಈ ಮಾತಿನ ಎರಡನೆಯ ಅರ್ಧ ಹೆಚ್ಚು ಕಾಲ ಉಳಿಯಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಾಗ

2001ರ ಸೆಪ್ಟೆಂಬರ್ 18ರಂದು ‘ನಿಮ್ಡಾ’ ಎಂಬ ಹುಳು ಜಗತ್ತಿನ ಜಾಲಗಳಿಗೆ ನುಗ್ಗಿತು. ಇಮೇಲ್ ಮುಂತಾದ ಹಲವು ದಾರಿಗಳ ಜೊತೆಗೆ ಅದಕ್ಕೆ ಇನ್ನೊಂದು ದಾರಿ ತಿಳಿದಿತ್ತು. ತಾಣಗಳನ್ನು ಹೊತ್ತ ಸರ್ವರ್ ಯಂತ್ರಗಳಿಗೆ ಸೋಂಕು ತಗುಲಿಸಿ, ಅಲ್ಲಿದ್ದ ಪುಟಗಳ ಕೊನೆಗೆ ಒಂದು ತುಣುಕು ಜಾವಾಸ್ಕ್ರಿಪ್ಟನ್ನು ಅದು ಅಂಟಿಸಿಬಿಡುತ್ತಿತ್ತು. ಪುಟವನ್ನು ನೋಡಲು ಬಂದವರ ಹಳೆಯ ಬ್ರೌಸರ್ ಆ ತುಣುಕಿನ ಮಾತು ಕೇಳಿ ಹುಳುವನ್ನು ಮನೆಗೆ ಕರೆತರುತ್ತಿತ್ತು. 2004ರ ಜೂನ್‌ನಲ್ಲಿ ಇದೇ ತಂತ್ರ ಇನ್ನಷ್ಟು ದುಷ್ಟವಾಗಿ ಮರಳಿತು. ‘ಡೌನ್‌ಲೋಡ್ ಡಾಟ್ ಜೆಕ್ಟ್’ ಎಂದು ಹೆಸರಾದ ಆ ದಾಳಿಯಲ್ಲಿ ಪ್ರತಿಷ್ಠಿತ ತಾಣಗಳ ಪುಟಗಳೇ ಓದುಗರ ಯಂತ್ರಗಳನ್ನು ರಷ್ಯಾದ ಸರ್ವರ್ ಒಂದರ ಕಡೆಗೆ ತಿರುಗಿಸಿ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದಿಯುವ ತಂತ್ರಾಂಶವನ್ನು ಸ್ಥಾಪಿಸುತ್ತಿದ್ದವು. ಓದುಗರು ಯಾವುದನ್ನೂ ಒತ್ತಬೇಕಿರಲಿಲ್ಲ. ಪುಟ ತೆರೆದರೆ ಸಾಕಿತ್ತು.

2007ರಲ್ಲಿ ಇಂತಹ ಎರಡು ಘಟನೆಗಳು ಎಲ್ಲರ ಕಣ್ಣು ತೆರೆಸಿದವು. ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯಕ್ಕೆ ಎರಡೇ ದಿನ ಉಳಿದಿರುವಾಗ, ಪಂದ್ಯ ನಡೆಯಲಿದ್ದ ಮಯಾಮಿಯ ಡಾಲ್ಫಿನ್ ಸ್ಟೇಡಿಯಮ್ಮಿನ ತಾಣದಲ್ಲಿ ಕುತಂತ್ರಾಂಶ ಹರಡುವ ತುಣುಕು ಪತ್ತೆಯಾಯಿತು. ಆಗಸ್ಟ್ ಕೊನೆಯಲ್ಲಿ ಸರದಿ ನಮ್ಮ ನಾಡಿನದಾಗಿತ್ತು. ಬ್ಯಾಂಕ್ ಆಫ್ ಇಂಡಿಯಾದ ಅಧಿಕೃತ ತಾಣದ ಪುಟದೊಳಗೆ ಕಣ್ಣಿಗೆ ಕಾಣದ ಐಫ್ರೇಮ್ ಒಂದನ್ನು ಯಾರೋ ಸೇರಿಸಿದ್ದರು. ಅಮೆರಿಕದ ಸನ್‌ಬೆಲ್ಟ್ ಸಾಫ್ಟ್‌ವೇರ್ ಎಂಬ ಭದ್ರತಾ ಸಂಸ್ಥೆ ಅದನ್ನು ಪತ್ತೆಹಚ್ಚಿ ಬಹಿರಂಗಪಡಿಸಿತು. ಆ ಪುಟಕ್ಕೆ ಭೇಟಿಯಿತ್ತ ದುರ್ಬಲ ಯಂತ್ರಗಳಿಗೆ 20ಕ್ಕೂ ಹೆಚ್ಚು ಬಗೆಯ ಕುತಂತ್ರಾಂಶಗಳು ಇಳಿಯುತ್ತಿದ್ದವು. ಅನಿವಾಸಿಗಳ ಖಾತೆಗಳಿರುವ ಇಂತಹ ಬ್ಯಾಂಕುಗಳ ತಾಣವನ್ನು ನಂಬದೆ ಇನ್ನಾವುದನ್ನು ನಂಬಬೇಕು? ತಾಣದ ವಿಳಾಸ ಸರಿಯಾಗಿತ್ತು, ಬ್ಯಾಂಕು ನಿಜವಾದದ್ದೇ ಆಗಿತ್ತು. ಕೆಟ್ಟದ್ದು ಆ ದಿನದ ಪುಟ ಮಾತ್ರ.

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳಿತು. ನಮ್ಮ ಕಣ್ಣಿಗೆ ಒಂದೇ ಎಂದು ಕಾಣುವ ಪುಟ ವಾಸ್ತವದಲ್ಲಿ ಮದುವೆ ಮನೆಯ ಎಲೆಯೂಟದಂತೆ. ಎಲೆ ಹಾಕಿದವರು ಒಬ್ಬರು, ಪಲ್ಯ ತಂದವರು ಇನ್ನೊಬ್ಬರು, ಹೋಳಿಗೆ ಬಂದದ್ದು ಮತ್ತೊಂದು ಅಡುಗೆಮನೆಯಿಂದ. ಜಾಹೀರಾತು ಒಂದು ಸಂಸ್ಥೆಯಿಂದ, ಓದುಗರ ಲೆಕ್ಕವಿಡುವ ತುಣುಕು ಇನ್ನೊಂದರಿಂದ, ಅಕ್ಷರಗಳ ವಿನ್ಯಾಸ ಮತ್ತೊಂದರಿಂದ ಬಂದು ನಮ್ಮ ಬ್ರೌಸರಿನಲ್ಲಿ ಒಟ್ಟಾಗುತ್ತವೆ. ಮನೆಯ ಯಜಮಾನ ಎಷ್ಟೇ ಪ್ರಾಮಾಣಿಕನಾದರೂ ಬಡಿಸಿದ ಒಂದು ಪದಾರ್ಥ ಕೆಟ್ಟಿದ್ದರೆ ಉಂಡವರಿಗೆ ತೊಂದರೆ ತಪ್ಪಿದ್ದಲ್ಲ.

ಕಾವಲುಗಾರನೇ ಎಡವಿದ ದಿನಗಳು

ಇಂತಹ ದಾಳಿಗಳು ಹೆಚ್ಚಿದಾಗ ಓದುಗರನ್ನು ಮೊದಲೇ ಎಚ್ಚರಿಸುವ ವ್ಯವಸ್ಥೆಗಳು ರೂಪುಗೊಂಡವು. 2006ರಲ್ಲಿ ಹಾರ್ವರ್ಡ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಅಂತರಜಾಲ ಅಧ್ಯಯನ ಕೇಂದ್ರಗಳ ನೇತೃತ್ವದಲ್ಲಿ ‘ಸ್ಟಾಪ್‌ಬ್ಯಾಡ್‌ವೇರ್’ ಆರಂಭವಾಯಿತು. ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳಲ್ಲಿ, ಈ ತಾಣ ನಿಮ್ಮ ಯಂತ್ರಕ್ಕೆ ಹಾನಿ ಮಾಡಬಹುದು ಎಂಬ ಸೂಚನೆಯನ್ನು ತೋರಿಸತೊಡಗಿತು. ಇಂದು ನಮ್ಮ ಬ್ರೌಸರುಗಳಲ್ಲಿ ಕಾಣುವ ಪೂರ್ಣಪರದೆಯ ಕೆಂಪು ಎಚ್ಚರಿಕೆ ಅದೇ ಪರಂಪರೆಯದು.

ಆದರೆ ಕಾವಲುಗಾರನೂ ಮನುಷ್ಯನ ಸೃಷ್ಟಿಯೇ. 2009ರ ಜನವರಿ 31, ಶನಿವಾರ. ಇಲ್ಲಿ ಬ್ರಿಟನ್ನಿನಲ್ಲಿ ಮಧ್ಯಾಹ್ನದ ಹೊತ್ತು. ಗೂಗಲ್‌ನಲ್ಲಿ ಏನನ್ನು ಹುಡುಕಿದರೂ, ಬಂದ ಪ್ರತಿಯೊಂದು ಫಲಿತಾಂಶದ ಕೆಳಗೂ ಹಾನಿಯ ಸೂಚನೆ! ಅಪಾಯಕಾರಿ ವಿಳಾಸಗಳ ಪಟ್ಟಿಯನ್ನು ನವೀಕರಿಸುವಾಗ ಒಬ್ಬರ ಕೈತಪ್ಪಿನಿಂದ ಒಂದೇ ಒಂದು ಓರೆಗೆರೆ ಆ ಪಟ್ಟಿಯಲ್ಲಿ ಸೇರಿಕೊಂಡಿತ್ತು. ಪ್ರತಿಯೊಂದು ಜಾಲವಿಳಾಸದಲ್ಲೂ ಓರೆಗೆರೆ ಇದ್ದೇ ಇರುವುದರಿಂದ ಇಡೀ ಅಂತರಜಾಲವೇ ಅಪಾಯಕಾರಿಯೆಂದು ಘೋಷಿತವಾಯಿತು. ಒಬ್ಬೊಬ್ಬ ಬಳಕೆದಾರನಿಗೂ ಸುಮಾರು 40 ನಿಮಿಷಗಳ ಕಾಲ ಈ ಗೊಂದಲ ಕಾಡಿತು. ಗೂಗಲ್ ಅಂದೇ ತಪ್ಪನ್ನು ಒಪ್ಪಿ ಕಾರಣವನ್ನು ವಿವರಿಸಿತು.

2010ರ ಏಪ್ರಿಲ್ 21ರಂದು ನಡೆದದ್ದು ಇದಕ್ಕಿಂತ ಗಂಭೀರ. ಮ್ಯಾಕಫೀ ಆಂಟಿವೈರಸ್ ಅಂದು ಹೊರಡಿಸಿದ ಹೊಸ ಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿತು. ಅದನ್ನು ತೆಗೆದುಹಾಕಿದೊಡನೆ ಯಂತ್ರಗಳು ಜಾಲದ ಸಂಪರ್ಕ ಕಳೆದುಕೊಂಡು ಮತ್ತೆ ಮತ್ತೆ ಆರಿಹೋಗತೊಡಗಿದವು. ಅಮೆರಿಕದ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಆಸ್ಟ್ರೇಲಿಯಾದ ದೊಡ್ಡ ಅಂಗಡಿ ಸರಣಿಯೊಂದರ ಬಿಲ್ಲಿಂಗ್ ಯಂತ್ರಗಳು ನಿಂತವು. ಕಳ್ಳನೆಂದು ತಿಳಿದು ಮನೆಯವನಿಗೇ ದೊಣ್ಣೆಯೇಟು ಬಿದ್ದಿತ್ತು.

ಆಂಟಿವೈರಸ್ ಹೀಗೆ ಎಡವುವುದೇಕೆ? ಅದು ಎರಡು ವಿಧದಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು, ಈಗಾಗಲೇ ಸಿಕ್ಕಿಬಿದ್ದ ಕುತಂತ್ರಾಂಶಗಳ ಗುರುತುಗಳನ್ನು ಇಟ್ಟುಕೊಂಡು, ಪೊಲೀಸ್ ಠಾಣೆಯ ಬೆರಳಚ್ಚಿನಂತೆ ಹೋಲಿಸಿ ನೋಡುವುದು. ಎರಡನೆಯದು, ನಡೆ ನೋಡಿ ಶಂಕಿಸುವುದು. ಕನ್ನಡಿಗರಾದ ನಮಗೆ ಇದಕ್ಕೊಂದು ಹತ್ತಿರದ ಉದಾಹರಣೆಯಿದೆ. ಯೂನಿಕೋಡ್ ಎಲ್ಲೆಡೆ ಬರುವ ಮುನ್ನ ಕನ್ನಡದಲ್ಲಿ ಬರೆಯಲು ನಾವು ಪ್ರತ್ಯೇಕ ತಂತ್ರಾಂಶಗಳನ್ನು ಇಳಿಸಿಕೊಳ್ಳುತ್ತಿದ್ದೆವು. ಕೀಲಿಮಣೆಯಲ್ಲಿ ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಗಮನಿಸಿ ಅದನ್ನು ಕನ್ನಡ ಅಕ್ಷರವಾಗಿಸುವುದು ಅವುಗಳ ಕೆಲಸ. ಗುಪ್ತಪದ ಕದಿಯುವ ಕುತಂತ್ರಾಂಶವೂ ಕೀಲಿಗಳನ್ನೇ ಗಮನಿಸುತ್ತದೆ. ಹೊರಗಿನಿಂದ ನಡೆ ನೋಡುವ ಕಾವಲುಗಾರನಿಗೆ ಇಬ್ಬರೂ ಒಂದೇ ತೆರನಾಗಿ ಕಂಡರೆ ಆಶ್ಚರ್ಯವಿಲ್ಲ. ಹೆಚ್ಚು ಜನ ಬಳಸದ, ಚಿಕ್ಕ ಭಾಷೆಯ ತಂತ್ರಾಂಶಗಳ ಮೇಲೆ ಶಂಕೆ ಬೇಗ ಮೂಡುವುದೂ ಸಹಜ. ಕಾವಲುಗಾರನಿಗೆ ಅವುಗಳ ಪರಿಚಯ ಕಡಿಮೆ.

ಕಾವಲುಗಾರನ ವೇಷದಲ್ಲಿ ಬಂದ ಕಳ್ಳ

ನಿಜವಾದ ಎಚ್ಚರಿಕೆ ತಪ್ಪಬಹುದೆಂಬುದು ಒಂದು ಸಂಗತಿ. ಎಚ್ಚರಿಕೆಯೇ ಮೋಸವಾಗಿರಬಹುದೆಂಬುದು ಇನ್ನೊಂದು. 2009ರ ಸೆಪ್ಟೆಂಬರ್‌ನ ಒಂದು ವಾರಾಂತ್ಯದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣವನ್ನು ಓದುತ್ತಿದ್ದ ಕೆಲವರ ಪರದೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಕಿಟಕಿ ತೆರೆದುಕೊಂಡಿತು. ನಿಮ್ಮ ಗಣಕಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ಆಂಟಿವೈರಸ್ಸನ್ನು ಇಳಿಸಿಕೊಳ್ಳಿ ಎಂಬುದು ಅದರ ಆದೇಶ. ತಪಾಸಣೆ ನಡೆಯುತ್ತಿರುವಂತೆ ಚಲಿಸುವ ಚಿತ್ರವೂ ಇತ್ತು. ಆ ತಪಾಸಣೆ ಬರಿಯ ನಾಟಕ. ಇಳಿಸಿಕೊಳ್ಳಲು ಹೇಳಿದ ‘ಮದ್ದೇ’ ವಿಷ.

ಇದು ಅಲ್ಲಿಗೆ ತಲುಪಿದ ಬಗೆ ಗಮನಾರ್ಹ. ದೂರವಾಣಿ ಸೇವೆ ನೀಡುವ ಹೆಸರಾಂತ ಸಂಸ್ಥೆಯೊಂದರ ಪರವಾಗಿ ಬಂದವರೆಂದು ಹೇಳಿಕೊಂಡು ವಂಚಕರು ಪತ್ರಿಕೆಯಿಂದ ಜಾಹೀರಾತಿನ ಜಾಗವನ್ನು ಕೊಂಡಿದ್ದರು. ಮೊದಲು ಕೆಲವು ದಿನ ಸಾಚಾ ಜಾಹೀರಾತನ್ನೇ ತೋರಿಸಿ ನಂಬಿಕೆ ಗಳಿಸಿದರು. ತಾಣವನ್ನು ನೋಡಿಕೊಳ್ಳುವವರು ಕಡಿಮೆಯಿರುವ ವಾರಾಂತ್ಯ ಬಂದೊಡನೆ ಜಾಹೀರಾತನ್ನು ಬದಲಿಸಿದರು. ಶತಮಾನಕ್ಕೂ ಹೆಚ್ಚಿನ ಇತಿಹಾಸವಿರುವ ಪತ್ರಿಕೆಯ ಹೆಸರೇ ವಂಚಕರಿಗೆ ಬಂಡವಾಳವಾಯಿತು. ಪತ್ರಿಕೆ ತನ್ನ ಓದುಗರಿಗೆ ಸ್ಪಷ್ಟ ಸೂಚನೆ ನೀಡಿ, ಹೊರಗಿನವರು ನೇರವಾಗಿ ಜಾಹೀರಾತು ಕಳಿಸುವ ವ್ಯವಸ್ಥೆಯನ್ನು ಬಿಗಿಗೊಳಿಸಿತು.

ಆ ನಕಲಿ ಕಿಟಕಿಯ ಸಂತತಿ ಇಂದಿಗೂ ಜೀವಂತವಾಗಿದೆ. ಒಂದು ದೂರವಾಣಿ ಸಂಖ್ಯೆ ಮಾತ್ರ ಹೊಸದಾಗಿ ಸೇರಿಕೊಂಡಿದೆ. ಆ ಸಂಖ್ಯೆಗೆ ಕರೆ ಮಾಡಿದರೆ ಸೌಜನ್ಯದಿಂದ ಮಾತನಾಡುವವರು ನಮ್ಮ ಯಂತ್ರದೊಳಗೆ ಬರಲು ಅನುಮತಿ ಕೇಳುತ್ತಾರೆ, ಬಳಿಕ ಬ್ಯಾಂಕಿನ ಖಾತೆಯನ್ನು ತೆರೆಸುತ್ತಾರೆ. ಇದಕ್ಕೂ ಭಾರತಕ್ಕೂ ಇರುವ ನಂಟನ್ನು ಮರೆಮಾಚುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ ಹಲವು ರಾಜ್ಯಗಳ 76 ಸ್ಥಳಗಳಲ್ಲಿ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ತಾಂತ್ರಿಕ ಸಹಾಯಕರೆಂದು ನಟಿಸಿ ವಿದೇಶೀಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳೂ ಆ ತನಿಖೆಯ ಗುರಿಯಾಗಿದ್ದವು. ಇಲ್ಲಿ ನೆಲೆಸಿರುವ ನಮಗೆ, ಅದರಲ್ಲೂ ಊರಿನಿಂದ ಬಂದು ನಮ್ಮೊಡನೆ ಇರುವ ಹಿರಿಯರಿಗೆ, ಆ ಕಡೆಯಿಂದ ಕೇಳುವ ಭಾರತೀಯ ಧ್ವನಿ ಅಭಯದಂತೆ ತೋರಬಹುದು. ನಮ್ಮವರಂತೆ ಮಾತನಾಡಿದರೆಂಬುದೇ ಪ್ರಾಮಾಣಿಕತೆಗೆ ಸಾಕ್ಷಿಯಾಗದು.

ಹಾವನ್ನು ಹಗ್ಗವೆಂದುಕೊಂಡ ಪ್ರಸಂಗ

ಕಾವಲುಗಾರ ಎಡವಿದ ಕತೆಗಳನ್ನು ಕೇಳಿದವರಿಗೆ, ನಂಬಿದ ತಾಣದ ಬಗ್ಗೆ ಎಚ್ಚರಿಕೆ ಬಂದರೆ ಅದು ಸುಳ್ಳೇ ಇರಬೇಕು ಎನ್ನಿಸುವುದು ಸಹಜ. ಹಾಗೆ ಅನ್ನಿಸಿದವರಲ್ಲಿ ತಜ್ಞರೂ ಇದ್ದರು. ಪಿಎಚ್‌ಪಿ ಎಂಬುದು ಅಸಂಖ್ಯಾತ ಜಾಲತಾಣಗಳ ಬೆನ್ನೆಲುಬಾಗಿರುವ ಪ್ರೋಗ್ರಾಮಿಂಗ್ ಭಾಷೆ. 2013ರ ಅಕ್ಟೋಬರ್ 24ರಂದು ಅದರ ಅಧಿಕೃತ ತಾಣಕ್ಕೇ ಗೂಗಲ್ ಕೆಂಪು ಎಚ್ಚರಿಕೆ ಹಾಕಿತು. ಮೊದಮೊದಲು ತಾಣದ ನಿರ್ವಾಹಕರಿಗೂ ಇದು ಗೂಗಲ್‌ನ ತಪ್ಪೆಂದೇ ತೋರಿತು. ಶಂಕೆಗೊಳಗಾದ ಕಡತವನ್ನು ತೆರೆದು ನೋಡಿದರೆ ಅದು ಸರಿಯಾಗಿಯೇ ಇತ್ತು.

ಆಳವಾಗಿ ತನಿಖೆ ಮಾಡಿದಾಗ ಸತ್ಯ ಹೊರಬಿತ್ತು. ದಾಳಿಕೋರರು ಸರ್ವರ್‌ಗಳೊಳಗೆ ನುಗ್ಗಿ ಒಂದು ಜಾವಾಸ್ಕ್ರಿಪ್ಟ್ ಕಡತವನ್ನು ತಿದ್ದಿದ್ದರು. ಆದರೆ ಮೂಲ ಪ್ರತಿಯನ್ನು ಆಗಾಗ ತಾನಾಗಿ ಮರಳಿ ತರುವ ವ್ಯವಸ್ಥೆ ಆ ತಾಣದಲ್ಲಿತ್ತು. ಹೀಗಾಗಿ ಕೆಟ್ಟ ಕಡತ ಸ್ವಲ್ಪ ಹೊತ್ತು ಕಾಣಿಸಿಕೊಂಡು ಮಾಯವಾಗುತ್ತಿತ್ತು, ಮತ್ತೆ ಮೂಡುತ್ತಿತ್ತು. ನೋಡಲು ಹೋದವರಿಗೆ ಹಗ್ಗವೇ ಕಾಣುತ್ತಿತ್ತು. ಕತ್ತಲಾದೊಡನೆ ಹಾವು ಹೊರಬರುತ್ತಿತ್ತು. ಅಕ್ಟೋಬರ್ 22ರಿಂದ 24ರವರೆಗೆ ಭೇಟಿ ನೀಡಿದವರಲ್ಲಿ ಸಣ್ಣ ಪಾಲು ಮಂದಿಗೆ ಮಾತ್ರ ಅದು ತಲುಪಿತ್ತು. ನಿರ್ವಾಹಕರು ಸೇವೆಗಳನ್ನು ಹೊಸ ಸರ್ವರ್‌ಗಳಿಗೆ ವರ್ಗಾಯಿಸಿದರು, ಭದ್ರತಾ ಪ್ರಮಾಣಪತ್ರವನ್ನು ರದ್ದುಗೊಳಿಸಿದರು, ಗುಪ್ತಪದಗಳನ್ನು ಬದಲಿಸಿದರು, ನಡೆದುದನ್ನು ಬಹಿರಂಗವಾಗಿ ತಿಳಿಸಿದರು. ನಾನು ನೋಡಿದಾಗ ಏನೂ ಇರಲಿಲ್ಲ ಎಂಬ ಮಾತು ಪ್ರಮಾಣವಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಒಬ್ಬರ ಎಚ್ಚರದಿಂದ ಸಾವಿರಾರು ತಾಣಗಳು

ಈಗ ನಾವಿರುವ ದೇಶದ್ದೇ ಒಂದು ಘಟನೆ. ಬ್ರಿಟನ್ನಿನಲ್ಲಿ ನಾಗರಿಕರ ಖಾಸಗಿ ಮಾಹಿತಿಯ ರಕ್ಷಣೆಯ ಹೊಣೆ ಹೊತ್ತಿರುವುದು ಇನ್‌ಫರ್ಮೇಷನ್ ಕಮಿಷನರ್ ಕಚೇರಿ. 2018ರ ಫೆಬ್ರವರಿ 11, ಭಾನುವಾರ, ಆ ಕಚೇರಿಯ ತಾಣವನ್ನು ತೆರೆದ ಒಬ್ಬರಿಗೆ ಆಂಟಿವೈರಸ್ ಎಚ್ಚರಿಕೆ ನೀಡಿತು. ಸರ್ಕಾರಿ ತಾಣ, ಅದೂ ಮಾಹಿತಿ ರಕ್ಷಕರದೇ ತಾಣ ಎಂದು ಅವರು ಅದನ್ನು ಕಡೆಗಣಿಸಬಹುದಿತ್ತು. ಹಾಗೆ ಮಾಡದೆ ಅವರು ತಮ್ಮ ಗೆಳೆಯ, ಭದ್ರತಾ ಸಂಶೋಧಕ ಸ್ಕಾಟ್ ಹೆಲ್ಮ್ ಅವರಿಗೆ ತಿಳಿಸಿದರು. ಹೆಲ್ಮ್ ಹುಡುಕಿದಾಗ ದೋಷದ ಮೂಲ ಆ ಕಚೇರಿಯಲ್ಲಿ ಇರಲಿಲ್ಲ. ದೃಷ್ಟಿದೋಷವುಳ್ಳವರಿಗೆ ಪುಟವನ್ನು ಓದಿ ಹೇಳುವ ‘ಬ್ರೌಸ್‌ಅಲೌಡ್’ ಎಂಬ ಉಪಕಾರಿ ಸೇವೆಯ ಕಡತವನ್ನು ಯಾರೋ ತಿದ್ದಿದ್ದರು. ಓದುಗರ ಯಂತ್ರದ ಶಕ್ತಿಯನ್ನು ಕದ್ದು ಮೊನೆರೊ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸುವ ತುಣುಕು ಅದರೊಳಗಿತ್ತು. ಆ ಒಂದು ಕಡತವನ್ನು ಬಳಸುತ್ತಿದ್ದ 4,000ಕ್ಕೂ ಹೆಚ್ಚು ತಾಣಗಳಲ್ಲಿ, ಬ್ರಿಟನ್ನಿನ ಆರೋಗ್ಯ ಸೇವೆಯವು, ಅಮೆರಿಕದ ನ್ಯಾಯಾಲಯಗಳವು ಸೇರಿದಂತೆ, ಅದು ಏಕಕಾಲಕ್ಕೆ ಓಡುತ್ತಿತ್ತು. ಕೆಲವೇ ಗಂಟೆಗಳಲ್ಲಿ ಸೇವೆಯನ್ನು ನಿಲ್ಲಿಸಲಾಯಿತು. ಹೊರಗಿನಿಂದ ತರುವ ಕಡತದ ಬೆರಳಚ್ಚನ್ನು ಮೊದಲೇ ಬರೆದಿಟ್ಟು, ಅದು ಬದಲಾಗಿದ್ದರೆ ಬ್ರೌಸರ್ ತಿರಸ್ಕರಿಸುವಂತೆ ಮಾಡುವ ಕ್ರಮ ಆಗಲೇ ಬಳಕೆಗೆ ಬಂದಿತ್ತು. ಆ ತಾಣಗಳು ಅದನ್ನು ಅಳವಡಿಸಿಕೊಂಡಿರಲಿಲ್ಲ.

ಅದೇ ವರ್ಷ ಬ್ರಿಟಿಷ್ ಏರ್‌ವೇಸ್ ತಾಣದಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ಚಿತ್ರ. ಬೇಸಗೆಯ ರಜೆಗೆ ಊರಿಗೆ ಹೋಗಲು ನಮ್ಮಲ್ಲಿ ಅನೇಕರು ಬಳಸುವ ತಾಣವದು. ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ, ಪ್ರಯಾಣಿಕರು ಹಣ ಪಾವತಿಸುವ ಪುಟದಲ್ಲಿ ಕೇವಲ 22 ಸಾಲುಗಳ ಒಂದು ತುಣುಕು ಅವರ ಕಾರ್ಡಿನ ವಿವರಗಳನ್ನು ಸದ್ದಿಲ್ಲದೆ ಬೇರೆಡೆಗೆ ರವಾನಿಸುತ್ತಿತ್ತು. ಯಾವ ಕೆಂಪು ಪರದೆಯೂ ಮೂಡಲಿಲ್ಲ. ವಿಷಯ ಸಂಸ್ಥೆಗೆ ಗೊತ್ತಾದದ್ದು ಹೊರಗಿನವರು ತಿಳಿಸಿದ ಮೇಲೆ. 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಬಯಲಾದ ಈ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ 2 ಕೋಟಿ ಪೌಂಡ್ ದಂಡ ವಿಧಿಸಿದ್ದು ಅದೇ ಮಾಹಿತಿ ರಕ್ಷಣಾ ಕಚೇರಿ. ಎಚ್ಚರಿಕೆ ಮೊಳಗದಿದ್ದ ಮಾತ್ರಕ್ಕೆ ಕ್ಷೇಮವೆಂದು ತಿಳಿಯಬಾರದೆಂಬುದು ಇದರ ಪಾಠ.

ಇಳಿಸಿಕೊಳ್ಳುವ ತಂತ್ರಾಂಶಗಳ ಕತೆಯೂ ಇಷ್ಟೇ. 2017ರಲ್ಲಿ ಯಂತ್ರವನ್ನು ಶುಚಿಗೊಳಿಸಲು ಕೋಟ್ಯಂತರ ಜನ ಬಳಸುತ್ತಿದ್ದ ಸಿಸಿಕ್ಲೀನರ್‌ನ ಒಂದು ಆವೃತ್ತಿ, ಅಧಿಕೃತ ತಾಣದಿಂದ, ಅಧಿಕೃತ ಡಿಜಿಟಲ್ ಸಹಿಯೊಂದಿಗೆ, ಕಳ್ಳಬಾಗಿಲನ್ನು ಹೊತ್ತು ಸುಮಾರು 22.7 ಲಕ್ಷ ಯಂತ್ರಗಳನ್ನು ತಲುಪಿತು. ಆ ವೇಳೆಗೆ ಅದರ ಒಡೆತನ ಹೆಸರಾಂತ ಆಂಟಿವೈರಸ್ ಸಂಸ್ಥೆಯಾದ ಅವಾಸ್ಟ್‌ನದಾಗಿತ್ತು. 2024ರಲ್ಲಿ ‘ಪಾಲಿಫಿಲ್’ ಎಂಬ ಸಹಾಯಕ ಕಡತವನ್ನು ಹಂಚುತ್ತಿದ್ದ ಜಾಲವಿಳಾಸ ಹೊಸ ಒಡೆಯರ ಕೈ ಸೇರಿದ ಬಳಿಕ, ಅದನ್ನು ನೆಚ್ಚಿದ್ದ 1 ಲಕ್ಷಕ್ಕೂ ಹೆಚ್ಚು ತಾಣಗಳಿಗೆ ಕುತಂತ್ರಾಂಶ ಹರಿಯಿತು. ಬಾವಿ ಹಳೆಯದೇ, ಹಗ್ಗ ಹಳೆಯದೇ. ನೀರು ಮಾತ್ರ ಕೆಟ್ಟಿತ್ತು.

ಈ ಇತಿಹಾಸದಿಂದ ನಾವು ಮನೆಗೆ ತರಬೇಕಾದದ್ದು

ಎಚ್ಚರಿಕೆ ಕಂಡೊಡನೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ನಿಜವೋ ಸುಳ್ಳೋ ಎಂಬುದಲ್ಲ. ಈ ಗಂಟೆ ಬಾರಿಸಿದವರು ಯಾರು ಎಂಬುದು. ನಮ್ಮ ಯಂತ್ರದಲ್ಲಿ ನಾವೇ ಇರಿಸಿಕೊಂಡ ಆಂಟಿವೈರಸ್ ಅಥವಾ ಬ್ರೌಸರ್ ಎಚ್ಚರಿಸಿದರೆ ಅದು ನಮ್ಮ ಕಾವಲುಗಾರನ ಮಾತು. ತೆರೆದ ಪುಟದೊಳಗಿನಿಂದಲೇ ಎದ್ದು ಬಂದ ಕಿಟಕಿ, ದೂರವಾಣಿ ಸಂಖ್ಯೆ ಕೊಟ್ಟು, ಗಡುವು ವಿಧಿಸಿ, ಕಿರುಚುವ ಸದ್ದು ಮಾಡಿ ಹೆದರಿಸಿದರೆ ಅದು ಬಾಗಿಲಾಚೆಯ ಅಪರಿಚಿತನ ಮಾತು. ನಿಜವಾದ ಆಂಟಿವೈರಸ್ ಹೀಗೆ ಸಂಖ್ಯೆ ತೋರಿಸಿ ಕರೆ ಮಾಡಿರೆಂದು ಬೆದರಿಸುವುದಿಲ್ಲ. ಅಂತಹ ಪುಟದಲ್ಲಿ ಏನನ್ನೂ ಒತ್ತದೆ ಬ್ರೌಸರನ್ನೇ ಮುಚ್ಚುವುದು ಲೇಸು. ಮುಚ್ಚಲು ಬಾರದಿದ್ದರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಹಳೆಯ ಪುಟಗಳನ್ನು ಮರಳಿ ತೆರೆಯದಿರಿ. ಬಳಿಕ ಸ್ವಂತ ಆಂಟಿವೈರಸ್ಸನ್ನು ನಾವೇ ತೆರೆದು ತಪಾಸಣೆ ಮಾಡಿಸಬೇಕು. ವಿಂಡೋಸ್ 8ರಿಂದೀಚೆಗೆ ಡಿಫೆಂಡರ್ ಆ ವ್ಯವಸ್ಥೆಯಲ್ಲಿಯೇ ಅಡಕವಾಗಿರುವುದರಿಂದ ಹೊಸದನ್ನು ಅವಸರದಲ್ಲಿ ಇಳಿಸಿಕೊಳ್ಳುವ ಅಗತ್ಯವಿಲ್ಲ.

ನಮ್ಮ ಕಾವಲುಗಾರನೇ ಎಚ್ಚರಿಸಿದ್ದರೆ, ತಾಣ ಎಷ್ಟೇ ದೊಡ್ಡದಾಗಿರಲಿ, ಆ ದಿನಕ್ಕೆ ಅಲ್ಲಿಂದ ಹಿಂದೆ ಸರಿಯೋಣ. ವಿನಾಯಿತಿಯ ಪಟ್ಟಿಗೆ ಸೇರಿಸಿ ಒಳನುಗ್ಗುವ ಮುನ್ನ ಪಿಎಚ್‌ಪಿ ತಾಣದ ಕತೆಯನ್ನು ನೆನೆಯೋಣ. ತುರ್ತು ಕೆಲಸವಿದ್ದರೆ ಆ ಸಂಸ್ಥೆಗೆ ಬೇರೆ ದಾರಿಯಿಂದ, ಅಂದರೆ ಕಾರ್ಡಿನ ಹಿಂಬದಿಯ ಅಥವಾ ಹಳೆಯ ಪತ್ರದಲ್ಲಿರುವ ಸಂಖ್ಯೆಗೆ ಕರೆ ಮಾಡೋಣ. ಬ್ರಿಟನ್ನಿನ ಹೆಚ್ಚಿನ ಬ್ಯಾಂಕುಗಳನ್ನು 159 ಎಂಬ ಸಂಖ್ಯೆಯಿಂದ ತಲುಪಬಹುದು. ಭಾರತದಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸಂಶಯವಿರುವ ಕಡತವನ್ನು ‘ವೈರಸ್‌ಟೋಟಲ್’ ಸೇವೆಗೆ ಕೊಟ್ಟರೆ ಹಲವು ಹತ್ತು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ದೊರೆಯುತ್ತದೆ. ಎಲ್ಲೋ ಒಂದೆರಡು ಮಾತ್ರ ಶಂಕಿಸಿದರೆ ಹಗ್ಗವಾಗಿರುವ ಸಂಭವ ಹೆಚ್ಚು. ಬಹುಪಾಲು ಒಕ್ಕೊರಲಿನಿಂದ ಹೇಳಿದರೆ ಸಂದೇಹವಿಲ್ಲ. ಆದರೆ ಖಾಸಗಿ ದಾಖಲೆಗಳನ್ನು ಅಲ್ಲಿಗೆ ಕಳಿಸಬಾರದು. ಅವು ಇತರರಿಗೂ ದೊರೆಯಬಹುದು. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನೇ ನೆಚ್ಚುವುದೂ ಸಲ್ಲದು. ದಾರಿಯಲ್ಲಿ ಯಾರೂ ಕದ್ದು ಕೇಳುತ್ತಿಲ್ಲವೆಂದಷ್ಟೇ ಅದರ ಅರ್ಥ. ಜನ ಅದನ್ನು ಪ್ರಾಮಾಣಿಕತೆಯ ಮುದ್ರೆಯೆಂದು ತಪ್ಪಾಗಿ ತಿಳಿಯುತ್ತಾರೆಂಬ ಕಾರಣಕ್ಕೆ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನೇ ಬದಲಿಸಿತು.

ಈ ಇತಿಹಾಸ ನಮ್ಮಂತಹ ಸಂಘಗಳಿಗೂ ಒಂದು ಮಾತು ಹೇಳುತ್ತದೆ. ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ನಡೆಸುವ ಚಿಕ್ಕ ತಾಣಗಳಲ್ಲಿ ಸದಸ್ಯರ ವಿಳಾಸ, ಮಕ್ಕಳ ಹೆಸರು, ಹಣ ಪಾವತಿಯ ಕೊಂಡಿ ಎಲ್ಲವೂ ಇರುತ್ತವೆ. ಸದಸ್ಯರು ಅವನ್ನು ನಂಬುವುದು ತಂತ್ರಜ್ಞಾನವನ್ನು ನೋಡಿ ಅಲ್ಲ, ನಮ್ಮ ಮುಖ ನೋಡಿ. ಆದ್ದರಿಂದ ಬಳಸದ ಪ್ಲಗಿನ್‌ಗಳನ್ನು ತೆಗೆದುಹಾಕುವುದು, ಉಳಿದವನ್ನು ನವೀಕರಿಸುವುದು, ಹುದ್ದೆ ಬಿಟ್ಟವರ ಪ್ರವೇಶವನ್ನು ಮುಕ್ತಾಯಗೊಳಿಸುವುದು, ಬೇರೆಡೆ ಒಂದು ಪ್ರತಿಯನ್ನು ಕಾದಿರಿಸುವುದು, ಇವು ಲೆಕ್ಕಪತ್ರ ಒಪ್ಪಿಸುವಷ್ಟೇ ಪವಿತ್ರವಾದ ಹೊಣೆಗಳು. ನಮ್ಮ ತಾಣದಲ್ಲಿ ಎಚ್ಚರಿಕೆ ಕಂಡೆವೆಂದು ಸದಸ್ಯರೊಬ್ಬರು ತಿಳಿಸಿದಾಗ, ನಿಮ್ಮ ಯಂತ್ರದ್ದೇ ದೋಷವಿರಬೇಕು ಎಂಬ ಉತ್ತರ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು, ಯಾವ ಪುಟ, ಎಷ್ಟು ಹೊತ್ತಿಗೆ, ಸೂಚನೆಯ ಮಾತುಗಳೇನು ಎಂದು ಕೇಳಿ ಬರೆದುಕೊಳ್ಳಬೇಕು. ಸಾಧ್ಯವಾದರೆ ಪರದೆಯ ಚಿತ್ರವನ್ನೂ ಪಡೆಯಬೇಕು.

ಊರಿನಲ್ಲಿರುವ ನಮ್ಮ ತಂದೆತಾಯಿಯರಿಗೆ ಇಷ್ಟೆಲ್ಲ ವಿವರ ಬೇಕಿಲ್ಲ. ಪರದೆ ಹೆದರಿಸಿದರೆ ಏನನ್ನೂ ಒತ್ತಬೇಡಿ, ಮೊದಲು ನಮಗೊಂದು ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಚಿಂತೆಯಿಲ್ಲ ಎಂದು ಹೇಳಿಡೋಣ. ಕರೆ ಬಂದಾಗ ಬೇಸರಿಸದೆ ಎತ್ತಿಕೊಳ್ಳೋಣ. ಬೈಗುಳದ ಭಯವಿರುವ ಮನೆಯಲ್ಲಿ ಹಿರಿಯರು ಮೋಸಹೋದದ್ದನ್ನು ಬಚ್ಚಿಡುತ್ತಾರೆ. ಆ ಮೌನವೇ ವಂಚಕರಿಗೆ ದೊರೆಯುವ ದೊಡ್ಡ ಅವಕಾಶ.

ಅಂದು ಮಾಹಿತಿ ರಕ್ಷಣಾ ಕಚೇರಿಯ ತಾಣದಲ್ಲಿ ಎಚ್ಚರಿಕೆ ಕಂಡವರು ಯಾವ ಸಾಹಸವನ್ನೂ ಮಾಡಲಿಲ್ಲ. ಕಂಡದ್ದನ್ನು ಬಲ್ಲವರೊಬ್ಬರಿಗೆ ಹೇಳಿದರು, ಅಷ್ಟೇ. ಸಾವಿರಾರು ತಾಣಗಳು ಶುದ್ಧವಾದದ್ದು ಆ ಒಂದು ಮಾತಿನಿಂದ. ಹಗ್ಗವೋ ಹಾವೋ ಎಂದು ಕತ್ತಲಲ್ಲಿ ನಿಂತು ವಾದಿಸಿ ಫಲವಿಲ್ಲ. ಹೆಜ್ಜೆ ಹಿಂದಿಟ್ಟು, ದೀಪ ತರಿಸಿ ನೋಡುವುದೇ ವಿವೇಕ. ಆ ದೀಪ ನಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದ್ದೀತು. ನಮ್ಮ ಸದಸ್ಯ ಕುಟುಂಬಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಅನೇಕರಿದ್ದಾರೆ. ಸಂಕೋಚವಿಲ್ಲದೆ ಕೇಳೋಣ, ಕೇಳಿದವರಿಗೆ ತಾಳ್ಮೆಯಿಂದ ಹೇಳೋಣ.